ಡೈರಿ ಬೋನಸ್ ಹಂಚಿಕೆ: ಲೀಟರ್ ಲೆಕ್ಕವೋ, ಫ್ಯಾಟ್ ಲೆಕ್ಕವೋ?

ಕೋಲಾರದ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘ 10,000 ರೂಪಾಯಿ ಬೋನಸನ್ನು ಇಬ್ಬರಿಗೆ ಹಂಚಬೇಕಿದೆ ಎಂದಿಟ್ಟುಕೊಳ್ಳೋಣ. ಒಬ್ಬರು ಶೇ 3.5 ಫ್ಯಾಟ್ (ಕೊಬ್ಬಿನಂಶ) ಇರುವ 600 ಲೀಟರ್, ಇನ್ನೊಬ್ಬರು ಶೇ 4.5 ಫ್ಯಾಟ್‌ನ 400 ಲೀಟರ್ ಹಾಲು ಹಾಕಿದ್ದಾರೆ. ಲೀಟರನ್ನಷ್ಟೇ ಆಧಾರವಾಗಿಟ್ಟರೆ 6,000 ಮತ್ತು 4,000 ರೂಪಾಯಿ ಸಲ್ಲುತ್ತದೆ. ಈ ಲೆಕ್ಕವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಲೀಟರನ್ನು ಫ್ಯಾಟ್‌ನಿಂದ ಗುಣಿಸಿದರೆ ಅನುಪಾತವು 21:18 ಆಗಿ, ಮೊದಲನೆಯವರಿಗೆ 5,384.62, ಎರಡನೆಯವರಿಗೆ 4,615.38 ರೂಪಾಯಿ ಬರುತ್ತದೆ. ಪೈಸೆ ಕೈಬಿಟ್ಟಾಗ ಉಳಿಯುವ ಒಂದು ರೂಪಾಯಿಯನ್ನು, ಹೆಚ್ಚು ಪೈಸೆ ಕಳೆದುಕೊಂಡ ಮೊದಲನೆಯವರಿಗೇ ಸೇರಿಸಬೇಕು. ಇಲ್ಲದಿದ್ದರೆ ಮೊತ್ತ ತಾಳೆಯಾಗದು. ಪ್ರತಿ ಹೊತ್ತಿನ ಹಾಲಿನ ಫ್ಯಾಟ್ ಪರೀಕ್ಷೆಯ ಫಲಿತಾಂಶ ಸದಸ್ಯರ ಹೆಸರಿನಲ್ಲೇ ದಾಖಲಾಗುತ್ತಿದ್ದರೆ ಎರಡನೆಯ ಕ್ರಮವೇ ನ್ಯಾಯವೆಂದು ನಾನು ನಂಬುತ್ತೇನೆ, ಏಕೆಂದರೆ ಗಟ್ಟಿ ಹಾಲು ಕೊಟ್ಟವರ ಶ್ರಮಕ್ಕೆ ಅದರಲ್ಲಿ ಬೆಲೆಯಿದೆ. ಅಂಥ ದಾಖಲೆ ಇಲ್ಲದ ಕಡೆ ಲೀಟರ್ ಲೆಕ್ಕವನ್ನೇ ಆರಿಸಿಕೊಳ್ಳಿ.