ಜಂಬಿಟ್ಟಿಗೆ ನೆಲದಲ್ಲಿ ಮೂರು ಲೋಹಶೋಧಕ

ಬೀದರಿನ ಜಂಬಿಟ್ಟಿಗೆ ನೆಲದ ಮೇಲೆ ಲೋಹಶೋಧಕ ಹಿಡಿದರೆ ಮೊದಲು ಕೂಗುವುದು ನೆಲವೇ. ಈ ಕೆಂಪು ಮಣ್ಣಿನ ತುಂಬ ಕಬ್ಬಿಣದ ಆಕ್ಸೈಡ್ ಇದೆ, ಬರೀ ಮಣ್ಣಿಗೂ ಯಂತ್ರ ಬೆಚ್ಚಿ ಬೀಳುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಆಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾನು, ಶಾಲೆಯ ಮೇಷ್ಟ್ರೊಬ್ಬರು, ಟ್ರ್ಯಾಕ್ಟರ್ ರಿಪೇರಿ ಮಾಡುವ ಗೆಳೆಯ, ಹೀಗೆ ಮೂವರು ಮೂರು ಬಗೆಯ ಯಂತ್ರಗಳನ್ನು ಊರಾಚೆಯ ಒಂದೇ ಮಾವಿನ ತೋಪಿನಲ್ಲಿ ಆಡಿಸಿ ನೋಡಿದ್ದೇವೆ.

ಮೇಷ್ಟ್ರದು 6.5 ಕಿಲೋಹರ್ಟ್ಸ್‌ನ ಒಂದೇ ಆವರ್ತನದ ಸಾದಾ ಯಂತ್ರ. ಹಗುರ, ಮಕ್ಕಳೂ ಹಿಡಿಯಬಹುದು. ಆದರೆ ಮಣ್ಣಿಗೆ ತಕ್ಕಂತೆ ಹೊಂದಿಸುವ ಗುಂಡಿಯೇ ಇಲ್ಲ, ಕಾರ್ಖಾನೆಯಲ್ಲಿ ಕೂರಿಸಿದ ಲೆಕ್ಕವೇ ಕೊನೆ. ನನ್ನದು ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ಕೆಲಸ ಮಾಡುವಂಥದು. ಲೋಹವಿಲ್ಲದ ಜಾಗ ನೋಡಿ, ಕೋಲಿನ ತುದಿಯಲ್ಲಿರುವ, ಲೋಹವನ್ನು ಗುರುತಿಸುವ ತಂತಿಯ ಸುರುಳಿಯನ್ನು ನೆಲದಿಂದ ಗೇಣೆತ್ತರಕ್ಕೆ ಎತ್ತಿ ಇಳಿಸಿ, ಸದ್ದು ಸಮವಾಗುವವರೆಗೆ ಹೊಂದಿಸಿಕೊಳ್ಳಬೇಕು. ಇವೆರಡೂ ಸಿಕ್ಕಿದ್ದು ತಾಮ್ರವೋ ಕಬ್ಬಿಣವೋ ಎಂದು ಊಹಿಸಿ ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತವೆ. ಗೆಳೆಯನದು ಪಲ್ಸ್ ಯಂತ್ರ. ಕ್ಷಣಮಾತ್ರದ ವಿದ್ಯುತ್ ಹೊಡೆತ ಕೊಟ್ಟು ನಿಲ್ಲಿಸಿ, ಲೋಹದೊಳಗೆ ಉಳಿದ ಪ್ರವಾಹ ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಅಳೆಯುತ್ತದೆ. ಮಣ್ಣಿನ ಗದ್ದಲ ಅಷ್ಟರಲ್ಲಿ ಬಹುಪಾಲು ತಣ್ಣಗಾಗಿರುತ್ತದೆ. ಆಳ ಸಿಗುವುದು ಅದರಿಂದಲೇ. ಲೋಹ ಯಾವುದೆಂದು ಬಿಡಿಸಿ ಹೇಳುವ ಶಕ್ತಿ ಮಾತ್ರ ಅದಕ್ಕೆ ತೀರಾ ಕಡಿಮೆ.

ಪರೀಕ್ಷೆಗೆ ನಾಲ್ಕು ವಸ್ತು ಹೂತೆವು: ಬೆಳ್ಳಿಯ ಕಾಲುಂಗುರ, 1943ರಿಂದ 1947ರವರೆಗೆ ಟಂಕಿಸಿದ ತೂತಿನ ಕಾಸುಗಳಲ್ಲಿ ಒಂದು, ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಬಿದ್ರಿ ಗುಂಡಿ, ಎತ್ತಿನ ಲಾಳದ ಮೊಳೆ. (ಬಿದ್ರಿಗೆ ಆ ಕಡುಗಪ್ಪು ಬರಿಸುವುದೂ ಇಲ್ಲಿನ ಕೋಟೆಯ ಮಣ್ಣೇ. ಈ ಊರಿನ ಮಣ್ಣು ಲೋಹದ ಸಹವಾಸ ಬಿಟ್ಟದ್ದೇ ಇಲ್ಲ.) ಕಾಸನ್ನು 10 ಸೆಂಟಿಮೀಟರ್ ಆಳದಲ್ಲಿಟ್ಟಾಗ ಮೂರೂ ಯಂತ್ರಗಳು ಹೇಳಿದವು. 15ಕ್ಕೆ ಇಳಿಸಿದ ಕೂಡಲೇ ಮೇಷ್ಟ್ರ ಯಂತ್ರ ಮಣ್ಣಿನ ಗೊಣಗಾಟದಲ್ಲಿ ಅದನ್ನು ಕಳೆದುಕೊಂಡಿತು. ನನ್ನದು 15ರಲ್ಲಿ ಸ್ಪಷ್ಟವಾಗಿ ನುಡಿಯಿತು, 20ರಲ್ಲಿ ಸದ್ದು ತುಂಡುತುಂಡಾಗಿ ಬಂದು ಅಂಕಿ ಜಾರತೊಡಗಿತು. ಪಲ್ಸ್ 25ರಲ್ಲೂ ಗಟ್ಟಿಯಾಗಿ ಕೂಗಿತು. ಲಾಳದ ಮೊಳೆಗೂ ಅಷ್ಟೇ ಗಟ್ಟಿಯಾಗಿ ಕೂಗಿತು!

ಔರಾದ್ ಕಡೆಯ ಎರೆ ನೆಲದಲ್ಲಿ ಇದೇ ಪರೀಕ್ಷೆ ಮಾಡಿದಾಗ ಸಾದಾ ಯಂತ್ರವೂ ಮರ್ಯಾದೆ ಉಳಿಸಿಕೊಂಡಿತು. ಎರೆ ಮಣ್ಣಿನಲ್ಲೂ ಕಬ್ಬಿಣದ ಅಂಶವಿದೆ, ಆದರೆ ನಾವು ನಡೆದ ಹೊಲದಲ್ಲಿ ಅದು ಒಂದೇ ಸಮನಾಗಿತ್ತು. ತೋಪಿನ ಕೆಂಪು ನೆಲದಲ್ಲಾದರೋ ಹತ್ತು ಹೆಜ್ಜೆಗೊಮ್ಮೆ ನಿಂತು ಮತ್ತೆ ಹೊಂದಿಸಬೇಕು. ಎರೆ ಹೊಲದವರು ಮೇಷ್ಟ್ರದಂಥ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಜಂಬಿಟ್ಟಿಗೆ ನೆಲದವರು ಅದಕ್ಕೆ ದುಡ್ಡು ಹಾಕುವುದು ಬೇಡ.

ಚಿಂಚೋಳಿ ಕಾಡಿಗೆ ಏಕೆ ಹೋಗುವುದಿಲ್ಲ ಎಂದು ಕೇಳುವವರಿದ್ದಾರೆ. ಅದು ವನ್ಯಜೀವಿಧಾಮ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದಂತೂ ಅಪರಾಧ. ಯಾರದೇ ಜಮೀನಿನಲ್ಲಿ ನಿಧಿ ಸಿಕ್ಕರೂ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಗುಡಿಯ ಗರ್ಭಗುಡಿಯನ್ನೇ ಅಗೆದುಹಾಕುವ ನಿಧಿಗಳ್ಳರಿಂದ ನೊಂದ ಸೀಮೆ ಇದು. ಯಂತ್ರ ಹಿಡಿದ ಅಪರಿಚಿತನನ್ನು ಊರವರು ಅನುಮಾನಿಸಿದರೆ ಅದು ನ್ಯಾಯವೇ. ಆದ್ದರಿಂದ ನಾವು ಹೋಗುವುದು ಹಗಲಿನಲ್ಲಿ, ಜಮೀನಿನವರು ಜೊತೆಗಿದ್ದಾಗ ಮಾತ್ರ. ತೆಗೆದ ಗುಂಡಿಯನ್ನು ಮುಚ್ಚದೆ ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ.

ಯಂತ್ರಗಳ ನಿಜವಾದ ಪರೀಕ್ಷೆ ನಡೆದದ್ದು ಎಳ್ಳ ಅಮಾವಾಸ್ಯೆಯ ಮರುದಿನ. ತೋಪಿನ ಯಜಮಾನರ ಮನೆಯವರು ಚರಗ ಚೆಲ್ಲಿ, ಮರದಡಿ ಊಟಕ್ಕೆ ಕುಳಿತಿದ್ದಾಗ ಬಡಿಸುತ್ತಿದ್ದ ಸೊಸೆಯ ಬೆರಳಿನಿಂದ ಚಿನ್ನದ ಉಂಗುರ ಜಾರಿತ್ತು. “ತಮ್ಮಾ, ತವರಿನವರು ಕೊಟ್ಟದ್ದು ಅದು, ಸಿಗುವವರೆಗೆ ಹುಡುಗಿ ಉಣ್ಣುವುದಿಲ್ಲ” ಎಂದರು ಅತ್ತೆ. ಮೊದಲು ಪಲ್ಸ್ ಇಳಿಸಿದೆವು. ಒಂದು ಗಂಟೆಯಲ್ಲಿ ಹದಿನೇಳು ಗುಂಡಿ ತೆಗೆದರೂ ಸಿಕ್ಕಿದ್ದು ಲಾಳದ ಮೊಳೆ, ಬೇಲಿಯ ತಂತಿ, ಬಾಟಲಿಯ ಮುಚ್ಚಳ.

ಆಮೇಲೆ ನನ್ನ ಯಂತ್ರಕ್ಕೆ ಆರು ಇಂಚಿನ ಸಣ್ಣ ಸುರುಳಿ ಹಾಕಿದೆ. ದೊಡ್ಡ ಸುರುಳಿ ಮೊಳೆಯನ್ನೂ ಉಂಗುರವನ್ನೂ ಒಟ್ಟಿಗೆ ಕೇಳಿ ಗೊಂದಲಗೊಳ್ಳುತ್ತದೆ, ಸಣ್ಣದು ಬೇರೆ ಬೇರೆಯಾಗಿ ಕೇಳುತ್ತದೆ. ತೊಂದರೆ ಎಂದರೆ ತೆಳು ಚಿನ್ನದ ಅಂಕಿಯೂ ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಯ ಅಂಕಿಯೂ ಹತ್ತಿರ ಹತ್ತಿರ. ಕಸವೆಂದು ಅದನ್ನು ದಾಟಿ ಹೋದರೆ ಉಂಗುರವನ್ನೂ ದಾಟಿದಂತೆ. ಆ ಅಂಕಿ ಬಂದಲ್ಲೆಲ್ಲ ಮಂಡಿಯೂರಿದೆವು. ಮೂರು ಸಲ ಮಾತ್ರೆ ಪಟ್ಟಿಯೇ ಬಂತು. ನಾಲ್ಕನೆಯ ಸಲ ತರಗೆಲೆ ಸರಿಸಿದಾಗ ಕೆಂಪಿರುವೆಗಳ ಸಾಲು. ಆ ಸಾಲು ಮುಗಿಯುವಲ್ಲಿ, ಎರಡು ಬೆರಳಿನ ಆಳದ ಪುಡಿಮಣ್ಣಿನಲ್ಲಿ ಉಂಗುರವಿತ್ತು. ಒಳಸುತ್ತಿಗೆ ಒಣಗಿದ ಭಜ್ಜಿ ಪಲ್ಯ ಇನ್ನೂ ಅಂಟಿಕೊಂಡಿತ್ತು. ಸೊಸೆ ಅದನ್ನು ತೊಳೆಯದೆಯೇ ಬೆರಳಿಗೆ ಹಾಕಿಕೊಂಡಳು.

ಅಂದಿನಿಂದ ಮರಗಳ ನಡುವೆ ಹಲವು ಆವರ್ತನದ ಯಂತ್ರ ಮತ್ತು ಸಣ್ಣ ಸುರುಳಿಯನ್ನೇ ಒಯ್ಯುತ್ತೇನೆ. ಪಲ್ಸ್ ಯಂತ್ರವನ್ನು ಮೊಳೆ ಕಡಿಮೆ ಇರುವ ಬಯಲಿಗೆ ಎತ್ತಿಟ್ಟಿದ್ದೇವೆ, ಅದರ ತೂಕಕ್ಕೆ ಅರ್ಧ ದಿನದಲ್ಲೇ ಭುಜ ಸೋಲುತ್ತದೆ. ತೋಪಿನ ಯಜಮಾನರ ಮನಸ್ಸಿಗೆ ಹಿಡಿಸಿದ್ದು ಮಾತ್ರ ಅದೇ. ಮೊಳೆ, ತಂತಿಗಳನ್ನೆಲ್ಲ ಆಯ್ದು ಎಣ್ಣೆಯ ಡಬ್ಬಿಗೆ ತುಂಬಿಕೊಂಡು, “ಇಷ್ಟೂ ನನ್ನ ಎತ್ತಿನ ಕಾಲಿಗೆ ಚುಚ್ಚುತ್ತಿದ್ದವು. ಮುಂಗಾರಿಗೆ ಮೊದಲು ಆ ಕೂಗುವ ಯಂತ್ರ ತನ್ನಿ, ಕೆಳಗಿನ ಹೊಲವನ್ನೂ ಆರಿಸೋಣ” ಎಂದರು. ಮೇ ತಿಂಗಳಲ್ಲಿ ಹೋಗುವುದೆಂದು ಮಾತಾಗಿದೆ.