ತಾಲ್ಲೂಕು ಕ್ರೀಡಾಂಗಣದ ಸ್ವಾತಂತ್ರ್ಯ ದಿನಾಚರಣೆ: ವೇದಿಕೆಗೆ ಪೂರ್ತಿ, ಗ್ಯಾಲರಿಗೆ ಅರ್ಧ

ತಾಲ್ಲೂಕು ಕೇಂದ್ರಗಳಲ್ಲಿ ಆಗಸ್ಟ್ 15ರಂದು ನಡೆಯುವ ಸಾರ್ವಜನಿಕ ಸಮಾರಂಭದ ಗುಣದೋಷಗಳನ್ನು ಬರೆದಿಡುವವರು ಕಡಿಮೆ. ರಾಷ್ಟ್ರೀಯ ಹಬ್ಬದಲ್ಲಿ ಕೊರತೆ ಹುಡುಕುವುದು ಸಲ್ಲದೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಆದರೆ ಸಾರ್ವಜನಿಕರ ಹಣದಿಂದ, ಹತ್ತಾರು ಇಲಾಖೆಗಳ ಓಡಾಟದಿಂದ ಮತ್ತು ಶಾಲಾ ಮಕ್ಕಳ ವಾರಗಟ್ಟಲೆ ತಾಲೀಮಿನಿಂದ ನಡೆಯುವ ಕಾರ್ಯಕ್ರಮವು ನೋಡಲು ಬಂದವರಿಗೆ ಎಷ್ಟರ ಮಟ್ಟಿಗೆ ತಲುಪಿತು ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಮ್ಮ ತಾಲ್ಲೂಕು ಕ್ರೀಡಾಂಗಣದಲ್ಲಿ ನಡೆದ ಸ್ವಾತಂತ್ರ್ಯ ದಿನಾಚರಣೆಯನ್ನು ಸಾರ್ವಜನಿಕರ ಗ್ಯಾಲರಿಯಲ್ಲಿ ಕುಳಿತು ಆರಂಭದಿಂದ ಕೊನೆಯವರೆಗೆ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಧ್ವಜಾರೋಹಣ ಮತ್ತು ಪಥಸಂಚಲನ ಎಲ್ಲಿಯೂ ಹೆಸರಿಡಲಾಗದಂತೆ ನಡೆದವು, ಅನಂತರದ್ದೆಲ್ಲ ವೇದಿಕೆಯ ಮೇಲಿದ್ದವರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದಂತಿತ್ತು.

ಮೆಚ್ಚುಗೆಯಾದದ್ದನ್ನು ಮೊದಲು ಹೇಳುತ್ತೇನೆ. ಏರಿಸಿದ ಧ್ವಜ ಖಾದಿಯದು. 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಧ್ವಜಸಂಹಿತೆಯು ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅವಕಾಶ ನೀಡಿದೆಯಾದರೂ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆಯೊಂದಿಗೆ ಖಾದಿ ಧ್ವಜ ತಯಾರಾಗುವ ರಾಜ್ಯದಲ್ಲಿ ತಾಲ್ಲೂಕು ಆಡಳಿತವು ಅದನ್ನೇ ಆರಿಸಿಕೊಳ್ಳುವುದು ಉಚಿತ. ಬಣ್ಣದ ಪಟ್ಟಿಗಳು ಒಂದೇ ಅಗಲಕ್ಕಿದ್ದವು, ಹೊಲಿಗೆ ನೇರವಾಗಿತ್ತು, 24 ಅರಗಳ ಚಕ್ರ ಎರಡೂ ಬದಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಧ್ವಜಸಂಹಿತೆಯು 6300×4200 ಮಿಲಿಮೀಟರಿನಿಂದ 150×100 ಮಿಲಿಮೀಟರಿನವರೆಗೆ ಒಂಬತ್ತು ಅಳತೆಗಳನ್ನು ಹೇಳುತ್ತದೆ, ಎಲ್ಲದರ ಉದ್ದ ಅಗಲಗಳ ಪ್ರಮಾಣ 3:2. ಇಲ್ಲಿ ಕಂಬದ ಎತ್ತರಕ್ಕೆ ಒಪ್ಪುವ ಅಳತೆಯನ್ನೇ ಆರಿಸಿದ್ದರು. ಎತ್ತರದ ಕಂಬದ ತುದಿಯಲ್ಲಿ ಕರವಸ್ತ್ರದಷ್ಟು ಕಾಣುವ ಧ್ವಜವನ್ನು ಎಷ್ಟೋ ಕಡೆ ನೋಡಿದವರಿಗೆ ಇದರ ಮಹತ್ವ ತಿಳಿಯುತ್ತದೆ. ಹಗ್ಗ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ, ಒಳಗಿಟ್ಟ ಹೂವಿನ ಎಸಳುಗಳು ಮೊದಲ ಎಳೆತಕ್ಕೇ ಉದುರಿದವು. ಹಿಂದಿನ ಸಂಜೆ ಯಾರೋ ಗಂಟನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ನೋಡಿದ್ದಾರೆ ಎಂಬುದು ಅದರಿಂದಲೇ ಗೊತ್ತಾಗುತ್ತಿತ್ತು. ಈ ಕೆಲಸ ಸಾಮಾನ್ಯವಾಗಿ ದೈಹಿಕ ಶಿಕ್ಷಣ ಶಿಕ್ಷಕರ ಪಾಲಿಗೆ ಬರುತ್ತದೆ, ಆಹ್ವಾನ ಪತ್ರಿಕೆಯಲ್ಲಿ ಮಾತ್ರ ಅವರ ಹೆಸರಿರುವುದಿಲ್ಲ.

ಪೊಲೀಸ್, ಗೃಹರಕ್ಷಕ ದಳ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ಹಾಗೂ ಶಾಲಾ ತುಕಡಿಗಳ ಪಥಸಂಚಲನದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸಾಲು ಕೆಡಲಿಲ್ಲ, ಸಮಯ ಮೀರಲಿಲ್ಲ.

ತೊಂದರೆ ಶುರುವಾದದ್ದು ಧ್ವನಿವರ್ಧಕದಿಂದ. ಮೈದಾನದ ನಾಲ್ಕೂ ಕಡೆ ಕಂಬಗಳಿಗೆ ಕಟ್ಟಿದ್ದ ಹಾರ್ನ್ ಸ್ಪೀಕರುಗಳು ಒಂದೇ ಆಂಪ್ಲಿಫೈಯರಿನಿಂದ ಒಂದೇ ಕ್ಷಣದಲ್ಲಿ ದನಿ ಹೊರಡಿಸುತ್ತಿದ್ದವು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ನೂರು ಮೀಟರ್ ಆಚೆಯ ಸ್ಪೀಕರಿನ ದನಿಯು ನಮ್ಮ ತಲೆಯ ಮೇಲಿನ ಸ್ಪೀಕರಿನ ದನಿಗಿಂತ ಸುಮಾರು 0.3 ಸೆಕೆಂಡು ತಡವಾಗಿ ಕಿವಿಗೆ ಬೀಳುತ್ತದೆ. ಕೇಳಲು ಇದು ಅಲ್ಪ ಅಂತರ. ಆದರೆ ಅಷ್ಟರಲ್ಲಿ ಭಾಷಣಕಾರರು ಮುಂದಿನ ಅಕ್ಷರಕ್ಕೆ ಹೋಗಿರುತ್ತಾರೆ, ಒಂದು ಪದದ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಅರ್ಥವಾಗುತ್ತಿಲ್ಲವೆಂದು ಗ್ಯಾಲರಿಯವರು ಕೂಗಿದಾಗ ಸೌಂಡ್ ಸಿಸ್ಟಂನವರು ಮಾಡಿದ್ದು ದನಿಯನ್ನು ಇನ್ನಷ್ಟು ಜೋರು ಮಾಡಿದ್ದು, ಅದರಿಂದ ಗೊಂದಲವೂ ಅಷ್ಟೇ ಜೋರಾಯಿತು.

ಇದರ ನಿಜವಾದ ನಷ್ಟ ಕಂಡದ್ದು ರಾಷ್ಟ್ರಗೀತೆಯ ಹೊತ್ತಿಗೆ. ಮೈಕಿನ ಮುಂದೆ ನಿಂತ ವಿದ್ಯಾರ್ಥಿನಿಯರು ಶ್ರುತಿ ತಪ್ಪದೆ, ನಿಗದಿಯಾದ 52 ಸೆಕೆಂಡುಗಳ ಆಸುಪಾಸಿನಲ್ಲೇ ಹಾಡಿ ಮುಗಿಸಿದರು. ಗ್ಯಾಲರಿಯಲ್ಲಿ ಎದ್ದು ನಿಂತಿದ್ದವರೂ ಮೊದಲ ಸಾಲಿಗೆ ದನಿಗೂಡಿಸಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹತ್ತಿರದ ಸ್ಪೀಕರನ್ನು ಅನುಸರಿಸಬೇಕೋ ಎದುರಿನದನ್ನೋ ಎಂದು ತೋಚದೆ ಒಬ್ಬೊಬ್ಬರಾಗಿ ದನಿ ತಗ್ಗಿಸಿದರು. ಕೊನೆಯ ಜಯಘೋಷದಲ್ಲಷ್ಟೇ ಮತ್ತೆ ಎಲ್ಲರ ದನಿ ಕೇಳಿತು. ಇಡೀ ಊರು ಒಟ್ಟಾಗಿ ಹಾಡಬಹುದಾದ ಒಂದೇ ಒಂದು ಸಂದರ್ಭ ಹೀಗೆ ಕೈತಪ್ಪಿತು. ಇದಕ್ಕೆ ದುಬಾರಿ ಉಪಕರಣ ಬೇಕಾಗಿಲ್ಲ. ಸ್ಪೀಕರುಗಳನ್ನೆಲ್ಲ ವೇದಿಕೆಯ ಕಡೆಯಿಂದ ಒಂದೇ ದಿಕ್ಕಿಗೆ ಮುಖಮಾಡಿ ಎತ್ತರದಲ್ಲಿ ಕಟ್ಟಿದರೆ ಅರ್ಧ ಸಮಸ್ಯೆ ನೀಗುತ್ತದೆ. ದೂರದಲ್ಲಿಯೂ ಸ್ಪೀಕರು ಬೇಕೇ ಬೇಕೆಂದರೆ ಅದರ ದನಿಯನ್ನು ದೂರಕ್ಕೆ ತಕ್ಕಷ್ಟು ತಡಮಾಡುವ ಸೌಲಭ್ಯ ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಸಿಗುತ್ತದೆ. ಗುತ್ತಿಗೆ ಕೊಡುವಾಗ ಎಷ್ಟು ಬಾಕ್ಸು, ಎಷ್ಟು ಮೈಕು ಎಂದು ಕೇಳುವುದರ ಜೊತೆಗೆ, ಹಿಂದಿನ ದಿನ ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ಒಬ್ಬರನ್ನು ನಿಲ್ಲಿಸಿ, ವೇದಿಕೆಯಿಂದ ಓದಿದ ವಾಕ್ಯವನ್ನು ಅವರಿಂದ ಮರಳಿ ಹೇಳಿಸಬೇಕೆಂಬ ಷರತ್ತು ಹಾಕಿದರೆ ಸಾಕು.

ಧ್ವನಿಯಷ್ಟೇ ದೊಡ್ಡ ಲೋಪ ದಿಕ್ಕಿನದು. ಸಾಂಸ್ಕೃತಿಕ ಕಾರ್ಯಕ್ರಮದ ಸಾಮೂಹಿಕ ನೃತ್ಯಗಳೆಲ್ಲವೂ ವೇದಿಕೆಗೆ ಮುಖಮಾಡಿದ್ದವು. ವೇದಿಕೆಯ ಎದುರಿಗೇ ಗ್ಯಾಲರಿ ಇರುವುದರಿಂದ ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ಬೆನ್ನನ್ನು ನೋಡಿಕೊಂಡು ಚಪ್ಪಾಳೆ ತಟ್ಟಬೇಕಾಯಿತು. ಕಿತ್ತೂರು ಚೆನ್ನಮ್ಮನ ವೇಷದ ಪುಟ್ಟ ಹುಡುಗಿ ಕತ್ತಿ ಎತ್ತಿ ನಿಂತ ಭಂಗಿಗೆ ವೇದಿಕೆಯಿಂದ ಭಾರಿ ಕರತಾಡನ ಬಂತು. ನಮಗೆ ಕಂಡದ್ದು ಅವಳ ಸೆರಗಿಗೆ ಹಾಕಿದ್ದ ಸೇಫ್ಟಿ ಪಿನ್ನುಗಳು ಮತ್ತು ಸಡಿಲಗೊಂಡ ಜಡೆಯ ಮಲ್ಲಿಗೆ. ನೃತ್ಯದ ಅಂಕಣವನ್ನು ಕಾಲು ಸುತ್ತು ತಿರುಗಿಸಿದರೆ ವೇದಿಕೆಗೂ ಗ್ಯಾಲರಿಗೂ ಪಕ್ಕದಿಂದಾದರೂ ಮುಖ ಕಾಣುತ್ತದೆ. ಅದಕ್ಕಿಂತ ಒಳ್ಳೆಯದೆಂದರೆ ಗಣ್ಯರ ಆಸನಗಳನ್ನೂ ಗ್ಯಾಲರಿಯ ಬದಿಗೇ ಹಾಕುವುದು, ಆಗ ನೋಡುವವರೆಲ್ಲ ಒಂದೇ ಕಡೆ ಇರುತ್ತಾರೆ. ಶಿಷ್ಟಾಚಾರಕ್ಕೆ ಇದರಿಂದ ಭಂಗ ಬರುವಂತೆ ನನಗೆ ತೋರುವುದಿಲ್ಲ.

ಭಾಷಣಗಳ ಬಗ್ಗೆ ಎರಡು ಮಾತು. ಧ್ವಜಾರೋಹಣ ಮಾಡಿದ ತಹಶೀಲ್ದಾರರ ಸಂದೇಶ ಅಚ್ಚುಕಟ್ಟಾಗಿತ್ತು, ಆದರೆ ಅದನ್ನು ರಾಜ್ಯದ ಯಾವ ತಾಲ್ಲೂಕಿನಲ್ಲಿ ಓದಿದರೂ ಒಂದಕ್ಷರ ಬದಲಿಸಬೇಕಾಗಿರಲಿಲ್ಲ. ಕರ್ನಾಟಕದ ಮಟ್ಟಿಗೆ 1947ರ ಆಗಸ್ಟ್ 15 ಎಲ್ಲ ಕಡೆಯೂ ಒಂದೇ ಬಗೆಯ ದಿನವಾಗಿರಲಿಲ್ಲ. ಹಳೆಯ ಮೈಸೂರು ಸಂಸ್ಥಾನದ ಜನರು ಜವಾಬ್ದಾರಿ ಸರ್ಕಾರಕ್ಕಾಗಿ ಅದರ ಮುಂದಿನ ತಿಂಗಳೇ ‘ಮೈಸೂರು ಚಲೋ’ ನಡೆಸಬೇಕಾಯಿತು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರಿನಲ್ಲಿ. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಭಾಗಗಳಿಗೆ ಬಿಡುಗಡೆ ದೊರೆತದ್ದು 1948ರ ಸೆಪ್ಟೆಂಬರ್ 17ರಂದು. ಮದ್ದೂರು ತಾಲ್ಲೂಕಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹವಿದೆ, ಗೌರಿಬಿದನೂರಿನಲ್ಲಿ 1938ರ ಏಪ್ರಿಲ್ 25ರ ವಿದುರಾಶ್ವತ್ಥದ ಗೋಲಿಬಾರ್ ಇದೆ, ಶಿಕಾರಿಪುರದಲ್ಲಿ 1942ರ ಈಸೂರು ಗ್ರಾಮದ ಹೋರಾಟವಿದೆ. ಇಷ್ಟು ಪ್ರಸಿದ್ಧ ಘಟನೆ ನಡೆಯದ ತಾಲ್ಲೂಕಿನಲ್ಲಿಯೂ ಜೈಲಿಗೆ ಹೋದವರು, ಕರ ಕೊಡದೆ ಜಮೀನು ಕಳೆದುಕೊಂಡವರು, ಭೂಗತರಿಗೆ ಊಟ ಕೊಟ್ಟ ಮನೆಗಳು ಇದ್ದಿರಬಹುದು. ಅಂಥ ಒಂದು ಸಂಗತಿಯನ್ನು ಸ್ಥಳೀಯ ಇತಿಹಾಸ ಉಪನ್ಯಾಸಕರೊಬ್ಬರಿಂದ ಪ್ರತಿವರ್ಷ ಹೊಸದಾಗಿ ಬರೆಸಿ ಸಂದೇಶದೊಳಗೆ ಸೇರಿಸಿದರೆ ಭಾಷಣ ಚಿಕ್ಕದಾಗಿಯೂ ಕೇಳುವಂತೆಯೂ ಆಗುತ್ತದೆ. ಉಳಿದ ಗಣ್ಯರು ‘ಈಗಾಗಲೇ ಎಲ್ಲರೂ ಹೇಳಿರುವಂತೆ’ ಎಂದೇ ಮಾತು ಆರಂಭಿಸಿದರು, ಮತ್ತು ಆ ಮಾತಿಗೆ ನಿಷ್ಠರಾಗಿಯೇ ನಡೆದುಕೊಂಡರು.

ಅಷ್ಟು ಹೊತ್ತೂ ಮಕ್ಕಳು ಮೈದಾನದಲ್ಲಿ ನಿಂತೇ ಇದ್ದರು. ಧ್ವಜಾರೋಹಣ ಒಂಬತ್ತಕ್ಕಿದ್ದರೆ ಮಕ್ಕಳನ್ನು ಏಳೂವರೆಗೆಲ್ಲ ಸಾಲುಗಟ್ಟಿಸುವುದು ವಾಡಿಕೆ, ಅಂದರೆ ಹಲವರು ಮನೆಯಲ್ಲಿ ಏನನ್ನೂ ತಿನ್ನದೆ ಹೊರಟಿರುತ್ತಾರೆ. ಆಗಸ್ಟ್ ತಿಂಗಳ ಮೋಡ ಸರಿದಾಗ ಬರುವ ಬಿಸಿಲು ಚುರುಕಾಗಿಯೇ ಇರುತ್ತದೆ. ಭಾಷಣದ ಹೊತ್ತಿಗೆ ಶಾಲಾ ತುಕಡಿಯೊಂದರಲ್ಲಿ ಬಾಲಕನೊಬ್ಬ ಕುಸಿದು ಕುಳಿತಾಗ ಶಿಕ್ಷಕಿಯೊಬ್ಬರು ತಮ್ಮ ಬಾಟಲಿಯ ನೀರನ್ನೇ ಕುಡಿಸಿ ನೆರಳಿಗೆ ಕರೆದೊಯ್ದರು. ಆಂಬುಲೆನ್ಸ್ ಇತ್ತು, ಆದರೆ ಅದು ಗಣ್ಯರ ವಾಹನಗಳ ಹಿಂದೆ ಸಿಕ್ಕಿಕೊಂಡಿತ್ತು. ಪಥಸಂಚಲನ ಮುಗಿದ ಕೂಡಲೇ ತುಕಡಿಗಳನ್ನು ನೆರಳಿಗೆ ಕಳಿಸಿ ಕೂರಿಸಿದರೆ ಭಾಷಣದ ಗಾಂಭೀರ್ಯ ಕಡಿಮೆಯಾಗುವುದಿಲ್ಲ. ಮಕ್ಕಳಿಗೆಂದು ತರಿಸಿದ ಸಿಹಿಯನ್ನು ಕೊನೆಯವರೆಗೆ ಬೀಗದಲ್ಲಿಡುವ ಬದಲು ಆಗಲೇ ಹಂಚಬಹುದು.

ಸಮಯವನ್ನು ನುಂಗಿದ್ದು ಸನ್ಮಾನ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರು, ಉತ್ತಮ ನೌಕರರು, ಪ್ರಗತಿಪರ ರೈತರು, ನಿವೃತ್ತ ಯೋಧರು ಎಲ್ಲರೂ ಗೌರವಕ್ಕೆ ಅರ್ಹರೇ. ಆದರೆ ಪ್ರತಿಯೊಬ್ಬರಿಗೂ ಶಾಲು, ಹಾರ, ಪೇಟ, ಫಲಕ, ಅದಾದ ಮೇಲೆ ವೇದಿಕೆಯ ಮೇಲಿದ್ದವರೆಲ್ಲರೊಂದಿಗೆ ಫೋಟೊ ಎಂದರೆ ಪಟ್ಟಿ ಅರ್ಧಕ್ಕೆ ಬರುವಷ್ಟರಲ್ಲಿ ಗ್ಯಾಲರಿ ಖಾಲಿಯಾಗುತ್ತದೆ, ಖಾಲಿ ಮೆಟ್ಟಿಲುಗಳ ಎದುರು ಸನ್ಮಾನ ಸ್ವೀಕರಿಸಿದ ಯೋಧರಿಗೆ ಅದು ಗೌರವವಾಗಿ ಕಾಣುವುದೂ ಕಷ್ಟ. ಇದಕ್ಕೆ ನನ್ನ ಸಲಹೆಯೆಂದರೆ ದಿನವನ್ನು ಎರಡಾಗಿ ಮಾಡುವುದು. ಬೆಳಗ್ಗೆ ಧ್ವಜಾರೋಹಣ, ರಾಷ್ಟ್ರಗೀತೆ, ಎರಡೂವರೆ ನಿಮಿಷದ ನಾಡಗೀತೆ, ಪಥಸಂಚಲನ ಮತ್ತು ಒಂದೇ ಭಾಷಣ. ಇಷ್ಟು ಒಂದು ಗಂಟೆಯೊಳಗೆ ಮುಗಿಯುತ್ತದೆ. ಸನ್ಮಾನ ಮತ್ತು ನೃತ್ಯಗಳು ಸಂಜೆಗೆ. ಧ್ವಜವನ್ನು ಚುರುಕಾಗಿ ಏರಿಸಬೇಕು, ನಿಧಾನವಾಗಿ, ಗೌರವದಿಂದ ಇಳಿಸಬೇಕು ಎಂದು ಸಂಹಿತೆ ಹೇಳುತ್ತದೆ. ಏರಿಸಲು ಇಡೀ ತಾಲ್ಲೂಕು ಸೇರಿದರೆ, ಸೂರ್ಯಾಸ್ತದ ಹೊತ್ತಿಗೆ ಇಳಿಸಲು ಇಬ್ಬರು ಗೃಹರಕ್ಷಕರು ಮತ್ತು ಕಚೇರಿಯ ಸಹಾಯಕರೊಬ್ಬರು ಇರುತ್ತಾರೆ. ಐದಕ್ಕೆ ಕಾರ್ಯಕ್ರಮ ಆರಂಭಿಸಿ ಆರೂವರೆ ಸುಮಾರಿಗೆ ಧ್ವಜಾವತರಣದೊಂದಿಗೆ ಮುಗಿಸಿದರೆ, ಅಂಗಡಿ ತೆರೆಯಬೇಕಾದವರೂ ಬೆಳಗಿನ ಪಾಳಿಯ ಕೆಲಸಗಾರರೂ ಮನೆಮಂದಿಯೊಂದಿಗೆ ಬರಬಹುದು. ಮಳೆ ಬಂದರೆ ಪುರಭವನ ಇದ್ದೇ ಇದೆ.

ಅಲಂಕಾರದಲ್ಲಿ ಸುಧಾರಣೆ ಕಂಡಿತು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿರುವ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳಲ್ಲಿ ಪ್ಲಾಸ್ಟಿಕ್ ಧ್ವಜ ಹಾಗೂ ಅಲಂಕಾರದ ಥರ್ಮೊಕೋಲ್ ಎರಡೂ ಸೇರಿವೆ, ಮೈದಾನದೊಳಗೆ ಎರಡೂ ಕಾಣಲಿಲ್ಲ. ಕಾಗದದ ಧ್ವಜಗಳನ್ನು ಮಾತ್ರ ಧಾರಾಳವಾಗಿ ಹಂಚಿದರು, ಹಿಂದಕ್ಕೆ ಪಡೆಯುವ ವ್ಯವಸ್ಥೆ ಮಾಡಿರಲಿಲ್ಲ. ಕಾಗದದ ಧ್ವಜವನ್ನೂ ನೆಲಕ್ಕೆ ಎಸೆಯಬಾರದು, ಖಾಸಗಿಯಾಗಿ ಗೌರವದಿಂದ ವಿಲೇವಾರಿ ಮಾಡಬೇಕು ಎಂಬ ನಿಯಮವನ್ನು ನಿರೂಪಕರು ಒಮ್ಮೆ ಹೇಳಿ, ಹೊರಹೋಗುವ ದಾರಿಯಲ್ಲಿ ಒಂದು ಪೆಟ್ಟಿಗೆ ಇಡಿಸಿದ್ದರೆ ಮಧ್ಯಾಹ್ನ ಪೌರಕಾರ್ಮಿಕರು ಚರಂಡಿಯ ಅಂಚಿನಿಂದ ಅವನ್ನು ಆಯಬೇಕಾಗಿ ಬರುತ್ತಿರಲಿಲ್ಲ. ಅವರಿಗೂ ಅದು ರಜೆಯ ದಿನವಾಗಬೇಕಿತ್ತು.

ಇವೆಲ್ಲದರ ಮೂಲ ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿಯ ಪೂರ್ವಭಾವಿ ಸಭೆಯಲ್ಲಿದೆ. ಅಲ್ಲಿ ಚರ್ಚೆಯ ಹೆಚ್ಚಿನ ಭಾಗ ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾವ ಇಲಾಖೆ ಗೈರು ಎಂಬುದರಲ್ಲೇ ಕಳೆಯುತ್ತದೆ ಎಂಬುದು ಇಂಥ ಸಭೆಗಳ ಪತ್ರಿಕಾ ವರದಿ ಓದುವವರಿಗೆಲ್ಲ ತಿಳಿದ ವಿಷಯ. ಆ ಸಭೆಗೆ ದೈಹಿಕ ಶಿಕ್ಷಣ ಶಿಕ್ಷಕರು, ಸೌಂಡ್ ಸಿಸ್ಟಂನವರು, ಪೌರಕಾರ್ಮಿಕರ ಪ್ರತಿನಿಧಿ ಮತ್ತು ಗ್ಯಾಲರಿಯಲ್ಲಿ ಕೂರುವ ಪೋಷಕರಿಬ್ಬರನ್ನು ಕರೆದು, ಮೈದಾನದ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದರೆ ಮೇಲೆ ಹೇಳಿದ್ದರಲ್ಲಿ ಬಹುಪಾಲು ಅಲ್ಲೇ ಇತ್ಯರ್ಥವಾಗುತ್ತದೆ. ಕಾರ್ಯಕ್ರಮ ಮುಗಿದ ವಾರದೊಳಗೆ ಇನ್ನೊಂದು ಸಭೆ ಕರೆದು, ಯಾವುದು ಎಷ್ಟು ಹೊತ್ತು ಹಿಡಿಯಿತು, ಏನು ಕೆಟ್ಟಿತು ಎಂದು ನಡಾವಳಿಯಲ್ಲಿ ಬರೆದಿಡುವುದೂ ಅಗತ್ಯ, ಏಕೆಂದರೆ ಅಧಿಕಾರಿಗಳು ವರ್ಗವಾಗುತ್ತಾರೆ, ಹೊಸಬರು ಹಳೆಯ ಆಹ್ವಾನ ಪತ್ರಿಕೆಯನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ನವೆಂಬರ್ 1ರ ರಾಜ್ಯೋತ್ಸವ ಮತ್ತು ಜನವರಿ 26ರ ಗಣರಾಜ್ಯೋತ್ಸವ ಇದೇ ಮೈದಾನದಲ್ಲಿ, ಇದೇ ಸಮಿತಿಯ ಉಸ್ತುವಾರಿಯಲ್ಲಿ ನಡೆಯುವುದರಿಂದ ಸ್ಪೀಕರಿನ ಮುಖ ಮತ್ತು ನೃತ್ಯದ ದಿಕ್ಕನ್ನು ಬದಲಿಸಿ ನೋಡಲು ಮುಂದಿನ ಆಗಸ್ಟಿನವರೆಗೆ ಕಾಯಬೇಕಾಗಿಲ್ಲ. ಅಲ್ಲಿಯವರೆಗೆ ಈ ಮೈದಾನಕ್ಕೆ ಬರುವವರು ಗ್ಯಾಲರಿಯ ನಡುವೆ ಕೂರದೆ ವೇದಿಕೆಗೆ ಹತ್ತಿರವಾದ ಅಂಚಿನಲ್ಲಿ ಜಾಗ ಹಿಡಿದರೆ ಮಾತು ತಕ್ಕಮಟ್ಟಿಗೆ ತಿಳಿಯುತ್ತದೆ, ಮಕ್ಕಳ ಮುಖವೂ ಓರೆಯಾಗಿಯಾದರೂ ಕಾಣುತ್ತದೆ. ಕುಡಿಯುವ ನೀರು ಮತ್ತು ಒಂದು ಕೊಡೆ ಜೊತೆಗಿರಲಿ.