ಮನೆಯಲ್ಲೇ ಕೂತು ಅನಾಟಮಿ ಕೋರ್ಸ್ ಮಾಡುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿ ಇದ್ದುಕೊಂಡು ನರ್ಸಿಂಗ್ ಓದಬೇಕು ಅಂತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಹೊಸದಾಗಿ ಈ ಕಡೆ ಬರುವವರಿಗೆ. ನಮ್ಮಂಥವರು ಮೊದಲು ಹುಡುಕುವುದೇ ಆನ್‌ಲೈನ್ ಅನಾಟಮಿ ಕೋರ್ಸ್. ನಾನೂ ತಗೊಂಡೆ. ಕೋರ್ಸ್ ಮುಗಿಯಿತು, ಎ ಗ್ರೇಡೂ ಬಂತು. ನರ್ಸಿಂಗ್ ಕಾಲೇಜು ಮಾತ್ರ ಅದನ್ನು ಒಪ್ಪಲಿಲ್ಲ. ದುಡ್ಡು ಹೋಯಿತು, ಆ ಸಲದ ಅಡ್ಮಿಷನ್ನೂ ಹೋಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಆಗಬೇಕಾದರೆ ಹೆಚ್ಚಿನ ಕಡೆ ನೇರವಾಗಿ ನರ್ಸಿಂಗ್‌ಗೆ ಸೇರಿಸಿಕೊಳ್ಳುವುದಿಲ್ಲ. ಮೊದಲು ಪ್ರಿರಿಕ್ವಿಸಿಟ್ ಅನ್ನುವ ಕೆಲವು ವಿಷಯ ಮುಗಿಸಬೇಕು. ಅದರಲ್ಲಿ ಕಷ್ಟದ್ದು ಅನಾಟಮಿ ಮತ್ತು ಫಿಸಿಯಾಲಜಿ, ಅಂದರೆ ದೇಹದ ರಚನೆ ಮತ್ತು ಅದು ಕೆಲಸ ಮಾಡುವ ರೀತಿ, ಎರಡು ಭಾಗ. ಸಾಮಾನ್ಯವಾಗಿ ಒಂದೊಂದೂ 4 ಕ್ರೆಡಿಟ್, ಲ್ಯಾಬ್ ಸೇರಿ. ನಾವಿರುವ ಟೆಕ್ಸಸ್‌ನ ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷದ ಸಾರ್ವಜನಿಕ ಕಾಲೇಜುಗಳು) ಎಲ್ಲಿ ಹೋದರೂ ಇವಕ್ಕೆ ಅವೇ ನಂಬರ್, ಬಯಾಲಜಿ 2401 ಮತ್ತು 2402. ಈ ಗ್ರೇಡುಗಳಿಗೂ, ಟೀಸ್ ಅಥವಾ ಹೆಸಿ ಅನ್ನುವ ನರ್ಸಿಂಗ್ ಪ್ರವೇಶ ಪರೀಕ್ಷೆಯ ಅಂಕಕ್ಕೂ ಪಾಯಿಂಟ್ ಹಾಕಿ ಸೀಟು ಕೊಡುವ ಕಾಲೇಜುಗಳೇ ಜಾಸ್ತಿ. ಅಂದರೆ ಇಲ್ಲಿ ಎಡವಿದರೆ ಮುಂದಿನ ಬಾಗಿಲು ತೆರೆಯುವುದೇ ಇಲ್ಲ.

ನನಗೆ ಕೋರ್ಸ್ ಮಾರಿದ್ದು ಕಾಲೇಜಲ್ಲ, ಒಂದು ಕಂಪನಿ. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಜಾಹೀರಾತಿನಲ್ಲಿ ಸ್ಕ್ರಬ್ಸ್ ಹಾಕಿಕೊಂಡ ಹುಡುಗಿ ನಗುತ್ತಾ ನಿಂತಿದ್ದಳು. ಯಾವಾಗ ಬೇಕಾದರೂ ಶುರು ಮಾಡಿ, ಯಾವಾಗ ಬೇಕಾದರೂ ಮುಗಿಸಿ, ಕಾಲೇಜ್ ಕ್ರೆಡಿಟ್‌ಗೆ ಶಿಫಾರಸಾದ ಕೋರ್ಸ್ ಅಂತ ದೊಡ್ಡದಾಗಿ ಬರೆದಿತ್ತು. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಅಂತ ಒಂದು ಸಂಸ್ಥೆ ಇದೆ. ಕಾಲೇಜಿನ ಹೊರಗೆ ನಡೆಯುವ ಕೋರ್ಸುಗಳನ್ನು ಪರಿಶೀಲಿಸಿ, ಇದಕ್ಕೆ ಇಷ್ಟು ಕ್ರೆಡಿಟ್ ಕೊಡಬಹುದು ಅಂತ ಅದು ಹೇಳುತ್ತದೆ. ಅದು ಹೇಳಿದ್ದು ನಿಜವೇ. ಆದರೆ ಕೊಡುವುದು ಬಿಡುವುದು ಆಯಾ ಕಾಲೇಜಿನ ಇಷ್ಟ. ಈ ಕೊನೆಯ ಮಾತು ಜಾಹೀರಾತಿನಲ್ಲಿ ಇರಲಿಲ್ಲ. ನರ್ಸಿಂಗ್‌ಗೆ ನಡೆಯುತ್ತದಾ ಅಂತ ಅವರ ಚಾಟ್‌ನಲ್ಲೇ ಕೇಳಿದ್ದೆ. ತುಂಬಾ ಕಾಲೇಜುಗಳು ಒಪ್ಪುತ್ತವೆ ಅಂತ ತಕ್ಷಣ ಉತ್ತರ ಬಂದಿತ್ತು. ಯಾವ ಕಾಲೇಜು ಅಂತ ಕೇಳಿದಾಗ, ನಿಮ್ಮ ಕಾಲೇಜಿನಲ್ಲಿ ವಿಚಾರಿಸಿ ಅಂದರು. ಅಲ್ಲಿನ ಅಡ್ಮಿಷನ್ ಕೌಂಟರಿನಲ್ಲಿ ವಿಚಾರಿಸಿದಾಗ, ಪರವಾಗಿಲ್ಲ ಅನಿಸುತ್ತದೆ ಅಂದರು. ಇಬ್ಬರದ್ದೂ ಬಾಯಿಮಾತು.

ತಿರಸ್ಕಾರಕ್ಕೆ ಕಾರಣ ಎರಡು ಕೊಟ್ಟಿದ್ದರು. ಒಂದು, ಮಾನ್ಯತೆ ಇರುವ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಅಲ್ಲ. ಇನ್ನೊಂದು, ಲ್ಯಾಬ್ ಎದುರುಬದುರು ನಡೆದದ್ದಲ್ಲ. ಈ ಎರಡನೆಯದೇ ಜಾಸ್ತಿ ಜನರಿಗೆ ಹೊಡೆಯುವುದು. ಯಾಕೆಂದರೆ ಮಾನ್ಯತೆ ಇರುವ ಒಳ್ಳೆ ಕಾಲೇಜಿನ ಆನ್‌ಲೈನ್ ಲ್ಯಾಬನ್ನೂ ಕೆಲವು ನರ್ಸಿಂಗ್ ವಿಭಾಗಗಳು ಒಪ್ಪುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಲ್ಯಾಬುಗಳು ಪರದೆಗೆ ಹೋದವು, ಬೇರೆ ದಾರಿ ಇಲ್ಲದೆ ಅನೇಕ ಕಾಲೇಜುಗಳು ಒಪ್ಪಿಕೊಂಡವು. ಆಮೇಲೆ ಕೆಲವು ಹಳೇ ನಿಯಮಕ್ಕೆ ವಾಪಸ್ ಹೋದವು. ಆಗ ಓದಿದವರು ಇವತ್ತಿಗೂ 'ನಂದು ನಡೀತು ಕಣೇ, ಧೈರ್ಯವಾಗಿ ತಗೋ' ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಾಲ ಬೇರೆ, ಅಷ್ಟೇ.

ಸರಿ, ಕಲಿಕೆಯಾದರೂ ಆಯಿತಾ? ಪಾಠ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕಿಡ್ನಿಯ ನೆಫ್ರಾನ್ ಪಾಠವನ್ನು ಎಷ್ಟು ಸಲ ಬೇಕಾದರೂ ಹಿಂದೆ ಹಾಕಿ ನೋಡಬಹುದಿತ್ತು. ಲ್ಯಾಬ್ ಅಂದರೆ ಮಾತ್ರ ಮೌಸ್ ಹಿಡಿದು ಮೂಳೆ ಎಳೆದು ಹೆಸರಿನ ಪಕ್ಕ ಬಿಡುವುದು. ತಪ್ಪಾದರೆ ಕೆಂಪು, ಸರಿಯಾದರೆ ಹಸಿರು. ನಾಲ್ಕು ಸಲ ಒತ್ತಿದರೆ ಯಾರಿಗಾದರೂ ಹಸಿರು ಬರುತ್ತದೆ. ಪರೀಕ್ಷೆಗೆ ಮಾತ್ರ ಭಾರೀ ಕಟ್ಟುನಿಟ್ಟು. ಲ್ಯಾಪ್‌ಟಾಪ್ ಎತ್ತಿ ಕೋಣೆಯ ನಾಲ್ಕೂ ಗೋಡೆ ಕ್ಯಾಮೆರಾಕ್ಕೆ ತೋರಿಸಬೇಕು. ಮಧ್ಯದಲ್ಲಿ ನಮ್ಮ ಅತ್ತೆ ಕಾಫಿ ಬೇಕಾ ಅಂತ ಬಾಗಿಲು ತೆಗೆದರು. ಅನುಮಾನಾಸ್ಪದ ವ್ಯಕ್ತಿ ಅಂತ ಗುರುತು ಬಿತ್ತು. ಪಾಪ, ಅವರಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಆಮೇಲೆ ಅದೇ ವಿಷಯವನ್ನು ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಯಲ್ಲಿ ಮತ್ತೆ ಓದಿದೆ. ಮೊದಲ ಲ್ಯಾಬ್‌ನಲ್ಲೇ ಒಂದು ಮೂಳೆ ಕೈಗೆ ಕೊಟ್ಟು, ಇದು ಎಡಗಡೆಯದ್ದೋ ಬಲಗಡೆಯದ್ದೋ ಹೇಳಿ ಅಂದರು. ಎ ಗ್ರೇಡ್ ತಗೊಂಡವಳು ಸುಮ್ನೆ ನಿಂತಿದ್ದೆ. ಪರದೆಯ ಮೇಲೆ ತೊಡೆಮೂಳೆ ಯಾವಾಗಲೂ ಒಂದೇ ದಿಕ್ಕಿಗೆ ನಿಂತಿರುತ್ತಿತ್ತು. ಆ ಪ್ರಶ್ನೆ ಬರುವುದೇ ಇಲ್ಲ. ಇನ್ನೊಂದು ದಿನ ಕುರಿಯ ಹೃದಯ ಕೊಯ್ದೆವು. ಎಡ ವೆಂಟ್ರಿಕಲ್‌ನ (ಹೃದಯದ ಕೆಳಗಿನ ಕೋಣೆ) ಗೋಡೆ ದಪ್ಪ, ಬಲದ್ದು ತೆಳು ಅಂತ ನಾನು ಬಾಯಿಪಾಠ ಮಾಡಿದ್ದೆ. ಎರಡನ್ನೂ ಬೆರಳುಗಳ ಮಧ್ಯೆ ಹಿಡಿದು ನೋಡಿದ ಮೇಲೆ ಬಾಯಿಪಾಠ ಬೇಕಾಗಲಿಲ್ಲ. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡಗಡೆಯದು ಇಡೀ ಮೈಗೆ ತಳ್ಳಬೇಕು. ದಪ್ಪ ಇರದೆ ಇನ್ನೇನು?

ಇಂಜೆಕ್ಷನ್ ವಿಷಯಕ್ಕೆ ಬಂದರಂತೂ ಇದು ಬರೀ ಮಾರ್ಕ್ಸಿನ ಮಾತಲ್ಲ. ಸೊಂಟದ ಪಕ್ಕಕ್ಕೆ ಸೂಜಿ ಚುಚ್ಚುವಾಗ ನರ್ಸ್ ಮೊದಲು ಕೈಯಿಂದ ತಡವಿ ಮೂಳೆ ಹುಡುಕುತ್ತಾಳೆ. ಅಂಗೈ ತೊಡೆಮೂಳೆಯ ಉಬ್ಬಿನ ಮೇಲೆ, ತೋರುಬೆರಳು ಸೊಂಟದ ಮೂಳೆಯ ಮುಂದಿನ ತುದಿಗೆ, ನಡುಬೆರಳು ಹಿಂದಕ್ಕೆ ಅಗಲಿಸಿ. ಆ ಎರಡು ಬೆರಳುಗಳ ನಡುವಿನ ಜಾಗಕ್ಕೇ ಚುಚ್ಚುವುದು. ಪೃಷ್ಠದಲ್ಲಿ ತಪ್ಪು ಜಾಗಕ್ಕೆ ಚುಚ್ಚಿದರೆ ಸಯಾಟಿಕ್ ನರಕ್ಕೆ ಪೆಟ್ಟಾಗಿ ರೋಗಿಯ ಕಾಲೇ ಸೋತುಹೋಗಬಹುದು. ಈ ತಡವುವ ಕೈ ಮೌಸಿನಿಂದ ಬರುವುದಿಲ್ಲ.

ಹಾಗಂತ ಆನ್‌ಲೈನ್ ಪೂರ್ತಿ ಬೇಡ ಅನ್ನುತ್ತಿಲ್ಲ. ಮನೆ, ಮಕ್ಕಳು, ಕೆಲಸ ಎಲ್ಲ ನೋಡಿಕೊಂಡು ವಾರದಲ್ಲಿ ನಾಲ್ಕು ದಿನ ಕ್ಲಾಸಿಗೆ ಓಡುವುದು ಎಲ್ಲರಿಗೂ ಆಗುತ್ತಾ? ಲೆಕ್ಚರ್ ಆನ್‌ಲೈನ್, ಲ್ಯಾಬ್ ಕಾಲೇಜಿನಲ್ಲಿ ಅನ್ನುವ ಹೈಬ್ರಿಡ್ ಕೋರ್ಸುಗಳು ಅನೇಕ ಕಮ್ಯುನಿಟಿ ಕಾಲೇಜುಗಳಲ್ಲಿವೆ. ನನ್ನನ್ನು ಕೇಳಿದರೆ ಅದೇ ಸರಿ.

ಯಾವುದೇ ತಗೊಂಡರೂ, ದುಡ್ಡು ಕಟ್ಟುವ ಮುಂಚೆ ನೀವು ಮುಂದೆ ಸೇರಬೇಕಾದ ನರ್ಸಿಂಗ್ ವಿಭಾಗಕ್ಕೇ ಇಮೇಲ್ ಹಾಕಿ. ಅಡ್ಮಿಷನ್ ಕೌಂಟರಿಗಲ್ಲ. ಕೋರ್ಸಿನ ಹೆಸರು, ನಂಬರ್, ಅದನ್ನು ಕೊಡುವ ಸಂಸ್ಥೆ ಬರೆದು, ಇದರ ಲ್ಯಾಬ್ ನಿಮಗೆ ನಡೆಯುತ್ತದಾ ಅಂತ ನೇರವಾಗಿ ಕೇಳಿ. ಜೊತೆಗೆ, ಎಷ್ಟು ವರ್ಷ ಹಳೆಯ ಗ್ರೇಡ್ ಒಪ್ಪುತ್ತೀರಿ ಅಂತಲೂ ಕೇಳಿ. 5 ಅಥವಾ 7 ವರ್ಷದ ಮಿತಿ ಇಡುವ ಕಡೆಗಳಿವೆ. ಫೇಲಾದರೆ ಅಥವಾ ಗ್ರೇಡ್ ಕಡಿಮೆ ಬಂದರೆ ಎಷ್ಟು ಸಲ ತಗೊಳ್ಳಬಹುದು ಅನ್ನುವುದೂ ಮುಖ್ಯ. ಉತ್ತರ ಬರವಣಿಗೆಯಲ್ಲೇ ಬರಲಿ, ಅದನ್ನು ಅಳಿಸಬೇಡಿ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಇನ್ನೊಂದು ತೊಡಕಿದೆ. ಸೆಮಿಸ್ಟರಿನ ಫುಲ್‌ಟೈಮ್ ಲೆಕ್ಕಕ್ಕೆ ಒಂದೇ ಆನ್‌ಲೈನ್ ಕ್ಲಾಸ್, 3 ಕ್ರೆಡಿಟ್‌ವರೆಗೆ ಮಾತ್ರ ಸೇರುತ್ತದೆ. ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಹತ್ತಿರ ಮಾತಾಡದೆ ಮುಂದೆ ಹೋಗಬೇಡಿ.

ಇದನ್ನೆಲ್ಲ ಕೇಳಿ ಊರಲ್ಲಿರುವ ನಮ್ಮ ಅಕ್ಕನ ಮಗಳು, 'ಚಿಕ್ಕಮ್ಮಾ, ನಾನು ಆ್ಯಪ್‌ನಲ್ಲೇ ಅನಾಟಮಿ ಓದಿಕೊಂಡರೆ ಸಾಕಲ್ವಾ' ಅಂದಳು. ಬಿಎಸ್ಸಿ ನರ್ಸಿಂಗ್ ಮೊದಲ ಸೆಮಿಸ್ಟರ್ ಅವಳದ್ದು. ಅಲ್ಲಿ ಈ ಆಯ್ಕೆಯೇ ಇಲ್ಲ. ಅಪ್ಲೈಡ್ ಅನಾಟಮಿಗೆ 60 ಗಂಟೆ ಪಾಠ, ಪರೀಕ್ಷೆಗೆ ಕೂರಬೇಕಾದರೆ ಶೇ. 80 ಹಾಜರಿ, ಇದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮ. ಆ್ಯಪ್ ಏನಿದ್ದರೂ ರಾತ್ರಿ ಮತ್ತೊಮ್ಮೆ ಓದಿಕೊಳ್ಳುವುದಕ್ಕೆ.

ಈಗಾಗಲೇ ಕಂಪನಿಗೆ ದುಡ್ಡು ಕಟ್ಟಿ ಇದನ್ನು ಓದುತ್ತಿದ್ದರೆ, ಇವತ್ತೇ ರೀಫಂಡ್ ನಿಯಮ ತೆಗೆದು ನೋಡಿ. ನನ್ನ ಕಂಪನಿಯಲ್ಲಿ ಮೊದಲ ಅಧ್ಯಾಯ ತೆರೆದ ಸ್ವಲ್ಪ ದಿನಕ್ಕೇ ಅದರ ಗಡುವು ಮುಗಿದಿತ್ತು. ಕಾಲೇಜಿನ ತಿರಸ್ಕಾರ ಪತ್ರ ಲಗತ್ತಿಸಿ ಕಳಿಸಿದ್ದಕ್ಕೆ, ಮುಂದಿನ ಕೋರ್ಸಿಗೆ ರಿಯಾಯಿತಿ ಕೂಪನ್ ಕಳಿಸಿದರು.